ನನ್ನ ತೂಕದ ಬೆಲ್ಲ

ಮನುಷ್ಯನ ದೇಹಕ್ಕೊಂದು ಮಿತಿಯಿದೆ ಎಂದು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದವನು ನಾನು. ಹಾಗೆ ಹೇಳುವಾಗ ನನ್ನ ದೇಹ ಕರಿಹಲಗೆಯ ಅರ್ಧಭಾಗವನ್ನು ಮರೆಮಾಡಿರುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಂದ ಬರುವುದಕ್ಕಿಂತ ನಾನೇ ಹೇಳಿಕೊಂಡರೆ ಸ್ವಲ್ಪವಾದರೂ ಮರ್ಯಾದೆ ಉಳಿದೀತು. "ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಬೋರ್ಡ್ ಕಾಣಿಸ್ತಿಲ್ಲ" ಎಂದು ಎಡಗಡೆಯ ಬೆಂಚಿನವರು ಕೂಗುತ್ತಿದ್ದರು. ಸರಿದರೆ ಬಲಗಡೆಯವರು ಕೂಗುತ್ತಿದ್ದರು. ಕೊನೆಗೆ ಪೀರಿಯಡ್ಡಿನ ಮೊದಲರ್ಧ ಎಡಗಡೆಯವರಿಗೆ, ಉಳಿದರ್ಧ ಬಲಗಡೆಯವರಿಗೆ ಎಂಬ ಒಪ್ಪಂದಕ್ಕೆ ಬಂದೆವು. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಎತ್ತರ ಐದಡಿ ನಾಲ್ಕಂಗುಲ. ತೂಕವನ್ನು ಆಮೇಲೆ ಹೇಳುತ್ತೇನೆ. ಈ ಬರಹವಿರುವುದೇ ಅದಕ್ಕಾಗಿ. ಆದರೂ ಒಂದೇ ಏಟಿಗೆ ಹೇಳಲು ಬಾಯಿ ಬರುತ್ತಿಲ್ಲ.

ದೇಹದ ಗಾತ್ರದ ಪಾಠವೆಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ಆ ದಿನ ಮನೆಯಿಂದ ಎಂಟು ಅಚ್ಚು ಬೆಲ್ಲ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಅಚ್ಚನ್ನು ಮೇಜಿನ ಮೇಲಿಟ್ಟು, "ಇವನು ಒಬ್ಬ ಮನುಷ್ಯ ಅಂತ ಇಟ್ಕೊಳ್ಳಿ" ಎನ್ನುತ್ತಿದ್ದೆ. ಆಮೇಲೆ ಎರಡು ಉದ್ದ, ಎರಡು ಅಗಲ, ಎರಡು ಎತ್ತರ ಬರುವಂತೆ ಎಂಟನ್ನೂ ಜೋಡಿಸುತ್ತಿದ್ದೆ. "ಈಗ ಇವನ ಎತ್ತರ ಎರಡರಷ್ಟಾಯ್ತು. ತೂಕ ಎಷ್ಟಾಯ್ತು? ಎಂಟರಷ್ಟು! ಆದರೆ ಅಷ್ಟು ಭಾರ ಹೊರೋ ತಳ? ಎಣಿಸಿ ನೋಡಿ, ಬರೀ ನಾಲ್ಕು. ಮೂಳೆ ಎಷ್ಟು ತಡೆಯುತ್ತೆ ಅನ್ನೋದು ಅದರ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ. ಆ ವಿಸ್ತೀರ್ಣ ನಾಲ್ಕರಷ್ಟಾಗಿ ಭಾರ ಎಂಟರಷ್ಟಾದರೆ ಏನಾಗುತ್ತೆ? ಹನ್ನೊಂದಡಿ ಮನುಷ್ಯ ಎದ್ದು ನಾಲ್ಕು ಹೆಜ್ಜೆ ಓಡಿದರೆ ತೊಡೆಮೂಳೆ ಲಟಕ್! ಪುರಾಣದ ರಾಕ್ಷಸರೆಲ್ಲ ನಿಜಕ್ಕೂ ಹುಟ್ಟಿದ್ದರೆ ಯುದ್ಧಕ್ಕೆ ಹೋಗ್ತಿರಲಿಲ್ಲ, ಹಾಸಿಗೆ ಬಿಟ್ಟು ಏಳ್ತಿರಲಿಲ್ಲ." ಮಕ್ಕಳು ನಗುತ್ತಿದ್ದರು. ಆಮೇಲೆ ಕೆಳಗಿನ ಮಿತಿ. ದೇಹ ತೀರಾ ಸಣ್ಣದಾದರೆ ಒಳಗಿನ ತೂಕಕ್ಕಿಂತ ಹೊರಗಿನ ಚರ್ಮವೇ ಹೆಚ್ಚಾಗಿ, ಮೈಶಾಖವೆಲ್ಲ ಸೋರಿಹೋಗುತ್ತದೆ. ಅದಕ್ಕೇ ಇಲಿ ದಿನವಿಡೀ ತಿನ್ನುತ್ತಲೇ ಇರಬೇಕು. ಪಾಠ ಮುಗಿದ ಮೇಲೆ, ಮೇಜಿಗೆ ಇರುವೆ ಬರುತ್ತದೆಂಬ ಕಾರಣ ಕೊಟ್ಟು ಎಂಟೂ ಅಚ್ಚುಗಳನ್ನು ಸ್ಟಾಫ್ ರೂಮಿನಲ್ಲಿ ಕೂತು ನಾನೇ ತಿನ್ನುತ್ತಿದ್ದೆ.

ನಾನು ಹೇಳಹೊರಟಿರುವ ವರ್ಷ ಒಂಬತ್ತನೇ ಬಿ ಸೆಕ್ಷನ್ನಿನಲ್ಲಿ ಮಂಜುಳಾ ಎಂಬ ಹುಡುಗಿ ಇದ್ದಳು. ಮೂರನೇ ಬೆಂಚು, ಎರಡು ಜಡೆ. ಪಾಠ ಕೇಳಿ ಎದ್ದು ನಿಂತು, "ಸಾರ್, ಎತ್ತರಕ್ಕೆ ಲಿಮಿಟ್ ಇದೆ, ಸರಿ. ಅಗಲಕ್ಕೂ ಇದ್ಯಾ ಸಾರ್?" ಎಂದು ಕೇಳಿದಳು. ಕುಚೋದ್ಯದಿಂದ ಕೇಳಿದ್ದರೆ ಗದರಿಸಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಇಡೀ ತರಗತಿ ನನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ನಾನು ಚಾಕ್‌ಪೀಸಿನ ಪುಡಿ ಕೊಡವಿಕೊಂಡು, "ಅದು ಸಿಲಬಸ್ಸಲ್ಲಿಲ್ಲ, ಕೂತ್ಕೋ" ಅಂದೆ.

ಹೀಗೆ ಹೇಳಿದರೆ ನಂಬುವುದು ಕಷ್ಟ, ಆದರೆ ಒಂದು ಕಾಲದಲ್ಲಿ ನಾನು ಕೆಳಗಿನ ಮಿತಿಯ ಹತ್ತಿರ ಇದ್ದವನು. ತೊಂಬತ್ತರ ದಶಕದ ಮೊದಮೊದಲು, ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು, ಮದುವೆಯಾಗಿರಲಿಲ್ಲ, ಟೈಫಾಯಿಡ್ ಬಂತು. ಬಂದದ್ದು ಹೋಗಲಿಲ್ಲ; ಹೋದಂತೆ ಮಾಡಿ ಮತ್ತೆ ಬಂತು. ಎರಡು ತಿಂಗಳು ಹಾಸಿಗೆ ಹಿಡಿದೆ. ನಲವತ್ತಾರು ಕಿಲೋಗೆ ಇಳಿದಿದ್ದೆ. ಏಪ್ರಿಲ್ ತಿಂಗಳಲ್ಲಿ ಮೂರು ಕಂಬಳಿ ಹೊದ್ದರೂ ಗಡಗಡ ನಡುಗುತ್ತಿದ್ದೆ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಒಂದು ದಿನ ಡಾಕ್ಟರು ಹೊರಗೆ ಹಜಾರದಲ್ಲಿ ನಿಂತು ಅಮ್ಮನ ಹತ್ತಿರ ಪಿಸುಮಾತಿನಲ್ಲಿ ಏನೋ ಹೇಳಿದರು. ಅವರು ಅತ್ತ ಹೋಗುತ್ತಲೇ ಅಮ್ಮ ಒದ್ದೆ ಸೀರೆಯಲ್ಲೇ ನಮ್ಮ ರಸ್ತೆಯ ತಿರುವಿನ ಆಂಜನೇಯನ ಗುಡಿಗೆ ಹೋಗಿ, ಮಗ ಎದ್ದು ಓಡಾಡುವಂತಾದರೆ ಅವನ ತೂಕದಷ್ಟು ಬೆಲ್ಲದ ತುಲಾಭಾರ ಮಾಡಿಸುತ್ತೇನೆಂದು ಹರಕೆ ಹೊತ್ತು ಬಂದಳು. ಮಾರನೆಯ ವಾರ ಜ್ವರ ಬಿಟ್ಟಿತು. ಡಾಕ್ಟರು ಅದು ಮಾತ್ರೆಯಿಂದ ಅಂದರು. ಅಮ್ಮ ನಕ್ಕಳು.

ಅವತ್ತೇ ಹೋಗಿ ಕೂತಿದ್ದರೆ ನಲವತ್ತಾರು ಕಿಲೋ ಬೆಲ್ಲದಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಗುಡಿಯ ಅರ್ಚಕರಾದ ಆಚಾರ್ಯರು, "ಮೇಷ್ಟ್ರು ಮೊದಲು ನೆಟ್ಟಗೆ ಕೂರೋ ಹಾಗಾಗ್ಲಿ" ಅಂದರು. ಕೂರುವ ಹಾಗಾದೆ. ಅಷ್ಟರಲ್ಲಿ ಗುಡಿಯ ಜೀರ್ಣೋದ್ಧಾರ ಶುರುವಾಗಿ ತಕ್ಕಡಿ ಬಿಚ್ಚಿಟ್ಟರು. ಅದು ಮುಗಿಯುವ ಹೊತ್ತಿಗೆ ನನ್ನ ಮದುವೆ. ಇವಿಷ್ಟೂ ದೇವರೂ ಒಪ್ಪುವಂಥ ಕಾರಣಗಳು. ಆಮೇಲಿನ ಒಂಬತ್ತು ವರ್ಷಕ್ಕೆ ಕಾರಣ ನಾನೊಬ್ಬನೇ. ಮದುವೆಯ ವರ್ಷ ಅರವತ್ತೆರಡಾಗಿದ್ದೆ. "ಒಂದೆರಡು ಕಿಲೋ ಇಳಿಸ್ಕೊಂಡು ಅರವತ್ತಕ್ಕೆ ಸರಿಯಾಗಿ ಕೂತ್ಕೋತೀನಮ್ಮ, ನೋಡೋರಿಗೂ ಚೆನ್ನಾಗಿರುತ್ತೆ" ಅಂದೆ. ಇಳಿಸಲು ಲಾಲ್‌ಬಾಗಿಗೆ ವಾಕಿಂಗ್ ಹೊರಟೆ. ಲಾಲ್‌ಬಾಗಿನದೇನೂ ತಪ್ಪಿಲ್ಲ, ಆದರೆ ಅಲ್ಲಿಂದ ಚಾಮರಾಜಪೇಟೆಗೆ ಬರುವ ದಾರಿಯುದ್ದಕ್ಕೂ ಹೋಟೆಲುಗಳಿವೆ, ಬೆಳಗಿನ ಹೊತ್ತು ಅಲ್ಲೆಲ್ಲ ದೋಸೆಗೆ ಬೆಣ್ಣೆ ಹಾಕುತ್ತಿರುತ್ತಾರೆ. ಎಪ್ಪತ್ತಾದೆ. ಎಪ್ಪತ್ತನ್ನು ಅರವತ್ತೈದಕ್ಕೆ ಇಳಿಸಿ ಕೂರೋಣವೆಂದು ಕಾದೆ. ಎಂಬತ್ತಾದೆ. ಪ್ರತಿ ಯುಗಾದಿಗೂ ಅಮ್ಮ ಬೇವು ಬೆಲ್ಲದ ಬಟ್ಟಲು ಹಿಡಿದು, "ಈ ವರ್ಷನಾದ್ರೂ ಕೂತ್ಕೋತೀಯೇನೋ?" ಎಂದು ಕೇಳುವುದು, ನಾನು "ಇನ್ನು ನಾಲ್ಕೇ ನಾಲ್ಕು ಕಿಲೋ ಇಳೀಲಮ್ಮ" ಎನ್ನುವುದು, ಮನೆಯ ಹಬ್ಬದ ಪದ್ಧತಿಯೇ ಆಗಿಹೋಯಿತು. ಎಲ್ಲರೆದುರು ತಕ್ಕಡಿಯಲ್ಲಿ ಕೂರುವುದಕ್ಕೆ ನನಗೆ ನಾಚಿಕೆ. ಅಮ್ಮನಿಗೆ ದೇವರ ಮುಖ ನೋಡುವುದಕ್ಕೆ ನಾಚಿಕೆ. ಅವಳ ನಾಚಿಕೆ ನನ್ನ ಲೆಕ್ಕಕ್ಕೇ ಬರಲಿಲ್ಲ.

ಇಲ್ಲಿ ನಮ್ಮ ಮನೆಯ ಊಟದ ವಿಷಯ ಸ್ವಲ್ಪ ಹೇಳಬೇಕು. ಸಾರಿಗೂ ಬೆಲ್ಲ, ಹುಳಿಗೂ ಬೆಲ್ಲ, ಗೊಜ್ಜಿಗಂತೂ ಮುಷ್ಟಿಗಟ್ಟಲೆ ಬೆಲ್ಲ ಬೀಳುವ ಮನೆ ನಮ್ಮದು. ಹಬ್ಬ ಬಂದರೆ ಅಮ್ಮನ ಕೈಯ ಒಬ್ಬಟ್ಟು. ಬಿಸಿ ಒಬ್ಬಟ್ಟು, ಮೇಲೆ ತುಪ್ಪ, ಪಕ್ಕದಲ್ಲಿ ಒಂದು ಬಟ್ಟಲು ಹಾಲು. ಬರೆಯುವಾಗಲೂ ಪೆನ್ನು ನಿಲ್ಲುತ್ತದೆ ನೋಡಿ. ನಾನು ಐದು ತಿಂದು ಆರನೆಯದಕ್ಕೆ ಅವಳ ಮುಖ ನೋಡುತ್ತಿದ್ದರೆ ಅಮ್ಮ ತನ್ನ ಪಾಲಿನ ಎರಡನ್ನೂ ನನ್ನ ಎಲೆಗೆ ಹಾಕುತ್ತಿದ್ದಳು. "ನೀನು?" ಎಂದು ಬಾಯಿಮಾತಿಗೆ ಕೇಳುತ್ತಿದ್ದೆ. "ನಂಗೆ ಈಗ ಸಿಹಿ ಸೇರಲ್ಲಪ್ಪ, ನೀನು ತಿನ್ನು" ಅನ್ನುತ್ತಿದ್ದಳು. ಸಂಕ್ರಾಂತಿಗೆ ವಾರವಿಡೀ ಕೂತು ಅಚ್ಚು ಬೆಲ್ಲವನ್ನು ಸಣ್ಣಸಣ್ಣದಾಗಿ ಹೆಚ್ಚಿ ಬಿಸಿಲಿಗಿಡುತ್ತಿದ್ದಳು, ಒಂದು ಚೂರೂ ಬಾಯಿಗೆ ಹೋಗುತ್ತಿರಲಿಲ್ಲ. ಒಮ್ಮೆ ನನ್ನ ಹೆಂಡತಿ ಜಯ, "ರೀ, ಅತ್ತೆ ಸಾರಿಗೆ ಬೆಲ್ಲ ಹಾಕೋಕ್ಕಿಂತ ಮುಂಚೆ ತಮಗೆ ಬೇರೆ ತೆಗೆದಿಟ್ಕೋತಾರೆ. ಗಮನಿಸಿದೀರಾ?" ಎಂದು ಕೇಳಿದಳು. ನಾನು ಬಹಳ ತಿಳಿದವನಂತೆ, "ಅದು ಮಡಿ ಕಣೇ. ನಾವು ಮುಟ್ಟೋ ಪಾತ್ರೆಯಿಂದ ಅವಳು ಬಡಿಸ್ಕೊಳ್ಳಲ್ಲ, ಹಳೇ ಕಾಲದೋಳು" ಅಂದೆ. ಜಯ ಅದನ್ನೇ ನಂಬಿದಳು. ಅಷ್ಟಕ್ಕೇ ಸುಮ್ಮನಿರದೆ, ವಯಸ್ಸಾದಂತೆ ನಾಲಗೆಯ ಮೇಲಿನ ರುಚಿಮೊಗ್ಗುಗಳು ಹೇಗೆ ಕಡಿಮೆಯಾಗುತ್ತವೆ, ಸಿಹಿಯ ಆಸೆ ಹೇಗೆ ತಾನಾಗಿಯೇ ಹೋಗುತ್ತದೆ ಎಂದು ಅವಳಿಗೆ ಅರ್ಧ ಗಂಟೆ ಪಾಠ ಮಾಡಿದೆ, ಅಮ್ಮನ ಪಾಲಿನ ಒಬ್ಬಟ್ಟು ತಿನ್ನುತ್ತಾ.

ಹರಕೆ ಹೊತ್ತ ಹನ್ನೊಂದನೆಯ ವರ್ಷ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಮಣಿಕಟ್ಟು ಮುರಿದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಎಪ್ಪತ್ತೆರಡು ವರ್ಷ. ಅಂದು ಸಂಜೆ ಮಂಚದ ಮೇಲೆ ಕೂತು, ಕೋಪವೂ ಇಲ್ಲದೆ ಅಳುವೂ ಇಲ್ಲದೆ, "ತಲೆಗೆ ಬಿದ್ದಿದ್ರೆ ಇಷ್ಟೊತ್ತಿಗೆ ಹೋಗ್ಬಿಡ್ತಿದ್ದೆ ಕಣೋ. ಹೋಗೋದಕ್ಕೇನೂ ಭಯ ಇಲ್ಲ. ಅಲ್ಲಿ ಹೋಗಿ ಅವನಿಗೆ ಏನಂತ ಹೇಳ್ಲಿ? ಮಗನ್ನ ಕೊಡು ಅಂತ ಕೇಳಿ ಇಸ್ಕೊಂಡು, ಕೊಟ್ಟ ಮಾತು ತೀರಿಸ್ಲಿಲ್ಲ ಅಂತನಾ?" ಅಂದಳು. ಈ ಯುಗಾದಿಯೊಳಗೆ ಕೂತೇ ಕೂರುತ್ತೇನೆಂದು ಅವಳ ಪ್ಲಾಸ್ಟರಿನ ಮೇಲೆ ಕೈಯಿಟ್ಟು ಹೇಳಿದೆ. ಯುಗಾದಿಗೆ ಎರಡು ದಿನ ಮುಂಚಿನ ಶನಿವಾರವೆಂದು ಆಚಾರ್ಯರು ಗೊತ್ತುಮಾಡಿದರು. ಜಯ ಕೇಳಿದಳು, "ಈಗ ಎಷ್ಟಿದೀರಾ? ಬೆಲ್ಲ ಹೇಳ್ಬೇಕಲ್ಲ."

ನಿಜ ನನಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಬಸ್ ಸ್ಟ್ಯಾಂಡಿನಲ್ಲಿ, ಬಣ್ಣಬಣ್ಣದ ಲೈಟು ತಿರುಗುತ್ತದಲ್ಲ, ಆ ತೂಕದ ಮಿಷನ್ನಿನ ಮೇಲೆ, ಗುರುತಿನವರು ಯಾರೂ ಇಲ್ಲವೆಂದು ನಾಲ್ಕೂ ದಿಕ್ಕು ನೋಡಿ ಹತ್ತಿದ್ದೆ. ಬಿದ್ದ ಚೀಟಿಯಲ್ಲಿ ನೂರಾ ಮೂರು ಎಂದಿತ್ತು. ಹಿಂಬದಿಯಲ್ಲಿ, ನಿಮ್ಮ ಕಡೆಗೆ ಎಲ್ಲರೂ ಆಕರ್ಷಿತರಾಗುತ್ತಾರೆ ಎಂದು ಭವಿಷ್ಯ. ಭೂಮಿಯೂ ಅದೇ ನಿಯಮದ ಮೇಲೆ ನಡೆಯುವುದಾದ್ದರಿಂದ ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಚೀಟಿಯನ್ನು ಸಣ್ಣಗೆ ಹರಿದು ಚರಂಡಿಗೆ ಹಾಕಿದ್ದೆ. ಈಗ ಹೆಂಡತಿ ಎದುರು ನಿಂತು ಕೇಳಿದಾಗ, "ಎಂಬತ್ತು" ಅಂದೆ. ಅದು ನಾಲ್ಕು ವರ್ಷದ ಹಿಂದಿನ ತೂಕ, ಹಾಗಾಗಿ ಪೂರ್ತಿ ಸುಳ್ಳಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ. ಜಯ ಮೇಲಿಂದ ಕೆಳಗಿನವರೆಗೆ ನೋಡಿದಳು. "ಎಂಬತ್ತಾ?" "ಎಂಬತ್ತೇ." ಬೆಲ್ಲ ತರಲು ನಾನೊಬ್ಬನೇ ಹೋಗುತ್ತೇನೆಂದು ಚೀಲ ಹಿಡಿದು ಹೊರಟುಬಿಟ್ಟೆ.

ಅಕ್ಕಿಪೇಟೆಯ ಒಂದು ಮಂಡಿಯಲ್ಲಿ ಅಪ್ಪನ ಕಾಲದಿಂದ ನಮ್ಮದು ಖಾತೆಯ ವ್ಯವಹಾರ. ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ತುಲಾಭಾರಕ್ಕೆ ಎಂಬತ್ತು ಕಿಲೋ ಅಚ್ಚು ಬೆಲ್ಲ ಬೇಕೆಂದೆ. "ಬಾಳ ಸಂತೋಷ ಮೇಷ್ಟ್ರೇ. ಯಾರು ಕೂತ್ಕೊಳ್ಳೋದು?" ಎಂದು ಕೇಳಿದರು. ಸುತ್ತಲೂ ನಾಲ್ಕಾರು ಜನ ಹಮಾಲರು ಮೂಟೆ ಇಳಿಸುತ್ತಿದ್ದರು. ಅವರಲ್ಲಿ ಒಬ್ಬ ನನ್ನನ್ನು ನೋಡಿದ ನೋಟದಲ್ಲಿ, ಇಂಥದ್ದನ್ನು ಎಷ್ಟು ಜನ ಸೇರಿ ಎತ್ತಬೇಕು ಎಂಬ ವೃತ್ತಿಯ ಅಂದಾಜು ಇತ್ತು. ನನಗೆ ಏನಾಯಿತೋ, "ನಮ್ಮ ಭಾವಮೈದ" ಅಂದುಬಿಟ್ಟೆ. ಸಾಹುಕಾರರು ತಲೆಯಾಡಿಸಿ, "ಯಾವ್ದಕ್ಕೂ ಇನ್ನೊಂದ್ ಇಪ್ಪತ್ತೈದು ಜೊತೇಲಿಟ್ಕೊಳ್ಳಿ. ಮಿಕ್ಕಿದ್ರೆ ವಾಪಸ್ ತಗೋತೀನಿ, ಏನಂತೆ?" ಅಂದರು. ಬುದ್ಧಿಯಿದ್ದವನು ಅಲ್ಲೇ ಹೂಂ ಅನ್ನುತ್ತಿದ್ದ. ನಾನು, "ಬೇಡ ಬೇಡ, ಭಾವಮೈದ ತುಂಬ ತೆಳ್ಳಗಿದಾನೆ" ಅಂದೆ. ತೆಳ್ಳಗಿರುವವನಿಗೆ ಎಂಬತ್ತು ಕಿಲೋ ಯಾಕೆಂದು ಅವರು ಕೇಳಲಿಲ್ಲ. ದೊಡ್ಡ ಮನುಷ್ಯರು.

ಶನಿವಾರ ಬೆಳಿಗ್ಗೆ ಆರಕ್ಕೇ ಮುಗಿಸಿಬಿಡಬೇಕೆಂದು ನನ್ನ ಹಂಚಿಕೆ. ಶನಿವಾರ ನಮ್ಮ ಶಾಲೆ ಬೆಳಿಗ್ಗೆ ಎಂಟಕ್ಕೆ. ಏಳೂವರೆಯಿಂದ ಮಕ್ಕಳು ಗುಡಿಗೆ ಬಂದು ಕೈಮುಗಿದು ಹೋಗುತ್ತಾರೆ. ಅಷ್ಟರೊಳಗೆ ತಕ್ಕಡಿಯಿಂದ ಇಳಿದಿರಬೇಕು. ಆರಕ್ಕೆ ಹೋದರೆ ಆಚಾರ್ಯರು ಇನ್ನೂ ಅಭಿಷೇಕಕ್ಕೆ ನೀರು ತುಂಬುತ್ತಿದ್ದರು. "ಅವಸರ ಯಾಕೆ ಮೇಷ್ಟ್ರೇ, ಹನ್ನೊಂದ್ ವರ್ಷ ಕಾದಿದಾನೆ, ಇನ್ನೊಂದ್ ಗಂಟೆ ಕಾಯಲ್ವಾ?" ಅಂದರು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಇಂದಿನ ವಿಶೇಷ ಸೇವೆ ತುಲಾಭಾರ ಎಂದು ಬಣ್ಣದ ಚಾಕ್‌ಪೀಸಿನಲ್ಲಿ ಬರೆದು, ಕೆಳಗೆ ನನ್ನ ಹೆಸರನ್ನೂ ಗೋತ್ರವನ್ನೂ ಹಾಕಿದ್ದರು. ತಕ್ಕಡಿ ಪ್ರಾಕಾರದ ತೊಲೆಯಿಂದ ಇಳಿಬಿದ್ದಿತ್ತು: ಕಬ್ಬಿಣದ ದಂಡಿಗೆ, ನಾಲ್ಕು ನಾಲ್ಕು ಸರಪಳಿ, ಎರಡು ಮರದ ಹಲಗೆ. ನಾನು ತಲೆಯೆತ್ತಿ ಕೊಕ್ಕೆಯನ್ನು ನೋಡಿದೆ. ಹೆಬ್ಬೆರಳಿನಷ್ಟು ದಪ್ಪ. ತಂದದ್ದು ಎಂಬತ್ತೇ ಎಂಬುದನ್ನು ಬದಿಗಿಟ್ಟು ಲೆಕ್ಕ ಹಾಕಿದೆ: ನೂರಾ ಮೂರೂ ನೂರಾ ಮೂರೂ ಸೇರಿ ಇನ್ನೂರಾ ಆರು, ಅದರ ಮೇಲೆ ಹಲಗೆ, ದಂಡಿಗೆ. "ಆಚಾರ್ಯರೇ, ಇದು ತಡೆಯುತ್ತಾ?" ಅಂದೆ. "ನಮ್ಮ ತಾತನ ಕಾಲದ್ದು. ಆಗಿನ್ನೋರೆಲ್ಲ ಸಣ್ಣಗಿದ್ರು, ನಿಜ" ಎಂದು ಅವರೂ ಒಮ್ಮೆ ತಲೆಯೆತ್ತಿ ನೋಡಿ, "ಆಂಜನೇಯ ಇದಾನೆ ಬಿಡಿ, ಬೆಟ್ಟಾನೇ ಎತ್ತಿದೋನು" ಅಂದರು.

ಏಳೂಕಾಲಿಗೆ ಸಂಕಲ್ಪವಾಯಿತು. ಪಂಚೆ ಉಟ್ಟು, ಶಲ್ಯ ಹೊದ್ದು, ಬರೀ ಮೈಯಲ್ಲಿ ಹಲಗೆಯ ಮೇಲೆ ಕೂತೆ. ಶಲ್ಯ ಮುಂದಕ್ಕೆಳೆದರೆ ಬೆನ್ನು ಕಾಣುತ್ತಿತ್ತು, ಹಿಂದಕ್ಕೆಳೆದರೆ ಹೊಟ್ಟೆ. ಅಮ್ಮ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಎದುರಿಗೆ ನಿಂತಿದ್ದಳು. ಎಡಗೈಯಿಂದ ಮೊದಲ ಅಚ್ಚು ಬೆಲ್ಲ ಅವಳೇ ಇಟ್ಟಳು. ಆಮೇಲೆ ಜಯ, ಆಚಾರ್ಯರು, ಬೆಲ್ಲದ ಮೂಟೆ ತಂದಿದ್ದ ಗೂಡ್ಸ್ ಆಟೋದವನು ಎಲ್ಲ ಸೇರಿ ಪೇರಿಸಿದರು. ಇಪ್ಪತ್ತು, ನಲವತ್ತು, ಅರವತ್ತು. ಅಷ್ಟರಲ್ಲಿ ಒಂಬತ್ತನೇ ಬಿ ಸೆಕ್ಷನ್ ಬರತೊಡಗಿತು. ಕರಿಹಲಗೆ ಓದಿದವರು ಗರ್ಭಗುಡಿಯ ಕಡೆಗೆ ತಿರುಗಲೂ ಇಲ್ಲ, ನೇರ ತಕ್ಕಡಿಯ ಹತ್ತಿರ ಬಂದು ಸಾಲಾಗಿ ನಿಂತು ನನಗೇ ಕೈಮುಗಿದರು. ಎಪ್ಪತ್ತು, ಎಪ್ಪತ್ತೈದು. ಎಂಬತ್ತು. ಮೂಟೆಗಳು ಖಾಲಿ. ನನ್ನ ಹಲಗೆ ನೆಲ ಬಿಟ್ಟು ಒಂದು ಕೂದಲೆಳೆಯಷ್ಟೂ ಏಳಲಿಲ್ಲ.

ಆಚಾರ್ಯರು ಸರಪಳಿ ಎಲ್ಲಾದರೂ ಸಿಕ್ಕಿಕೊಂಡಿದೆಯೋ ಎಂದು ಅಲ್ಲಾಡಿಸಿ ನೋಡಿದರು. ಯಾರೋ ಮುದುಕರು, "ಒಂದ್ ದಳ ತುಳಸಿ ಹಾಕಿ ನೋಡಿ ಆಚಾರ್ಯರೇ" ಅಂದರು. ತುಳಸಿ ದಳಕ್ಕೆ ಏಳುವುದಕ್ಕೆ ನಾನೇನು ದೇವರೇ? ಜಯ ನನ್ನ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿ, "ನಿಜ ಹೇಳಿ. ಎಷ್ಟು?" ಅಂದಳು. "ನೂರಾ ಮೂರು" ಅಂದೆ. ಪಿಸುಗುಟ್ಟಿದ್ದೆ, ಆದರೆ ಗುಡಿಯ ಪ್ರಾಕಾರದಲ್ಲಿ ಪಿಸುಮಾತೂ ಮೊಳಗುತ್ತದೆ. ಹಿಂದಿನ ಸಾಲಿನಲ್ಲಿ ಮಂಜುಳಾ ಬೆರಳೆಣಿಸಿ, "ಇನ್ನೂ ಇಪ್ಪತ್ತಮೂರು ಕಮ್ಮಿ ಸಾರ್" ಎಂದು ಸಹಾಯಕ್ಕೆ ಬಂದಳು. ಲೆಕ್ಕದಲ್ಲಿ ಯಾವಾಗಲೂ ಚುರುಕು.

"ಇಳಿದು ಅಂಗಡಿಗೆ ಹೋಗಿ ಬರ್ತೀನಿ" ಎಂದು ಏಳಲು ನೋಡಿದೆ. ಆಚಾರ್ಯರು ಎರಡೂ ಕೈ ಅಡ್ಡ ಹಿಡಿದರು. "ಅಯ್ಯೋ, ಸಂಕಲ್ಪ ಆದ್ಮೇಲೆ ಸರಿತೂಗೋವರ್ಗೂ ಇಳಿಯೋ ಹಾಗಿಲ್ಲ ಮೇಷ್ಟ್ರೇ! ಹರಕೆ ಕೆಟ್ಹೋಗತ್ತೆ!" ನಾನು ಅಮ್ಮನ ಮುಖ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ದೇವರ ಹತ್ತಿರ ಇನ್ನೊಮ್ಮೆ ವಾಯಿದೆ ಕೇಳುತ್ತಿದ್ದಳೋ ಏನೋ. ಛೀ, ನನ್ನ ಜನ್ಮಕ್ಕಿಷ್ಟು! ಒಂದು ಸಂಖ್ಯೆ ಹೇಳಲು ನಾಚಿಕೆಪಟ್ಟು ಮುದುಕಿಯನ್ನು ಎಲ್ಲಿ ತಂದು ನಿಲ್ಲಿಸಿದೆ ಎಂದು ಮೈಯೆಲ್ಲ ಬೆವೆತುಹೋಯಿತು. ಆ ಕ್ಷಣದಲ್ಲಿ ಕೊಕ್ಕೆ ಕಿತ್ತು ತಲೆಯ ಮೇಲೆ ಬಿದ್ದಿದ್ದರೂ ಬೇಡವೆನ್ನುತ್ತಿರಲಿಲ್ಲ.

ಆಗ ನಮ್ಮ ಎದುರುಮನೆಯ ಪದ್ಮಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಡಿದ್ದು ಹಬ್ಬ ಅಲ್ವೇನ್ರೀ, ಯಾರ ಮನೇಲಿ ಬೆಲ್ಲ ಇಲ್ಲ? ನಡೀರಿ" ಅಂದರು. ಒಬ್ಬಟ್ಟಿಗೆಂದು ಎಲ್ಲರೂ ತಂದಿಟ್ಟುಕೊಂಡಿದ್ದರು. ಹೆಂಗಸರು ಮನೆಗಳಿಗೆ ಹೋದರು, ಹತ್ತಿರದ ಮನೆಯ ಮಕ್ಕಳೂ ಓಡಿದರು. ನಾನು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೇ ಇದ್ದೆ. ದರ್ಶನಕ್ಕೆ ಬಂದವರು ದೇವರಿಗೆ ಒಂದು ಸುತ್ತು ಬಂದು, ದಾರಿಯಲ್ಲಿ ನನ್ನನ್ನೂ ಸುತ್ತಿಕೊಂಡು ಹೋಗುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಬಂದು, "ಏನಿದು, ಇನ್ನೂ ಮುಗಿದಿಲ್ವಾ? ಫಸ್ಟ್ ಪೀರಿಯಡ್ ನಿಮ್ದೇ ಅಲ್ವಾ?" ಎಂದು ಕೇಳಿದರು. ತರಗತಿ ಪೂರ್ತಿ ಇಲ್ಲೇ ಇದೆ ಸಾರ್ ಎಂದು ಕೈ ತೋರಿಸಿದೆ. ಬೆಲ್ಲ ಬರತೊಡಗಿತು. ಸ್ಟೀಲ್ ಡಬ್ಬಿಯಲ್ಲಿ, ಪೇಪರ್ ಪೊಟ್ಟಣದಲ್ಲಿ, ಮೊರದಲ್ಲಿ. ಒಂದು ಕಿಲೋ, ಎರಡು ಕಿಲೋ, ಒಬ್ಬರದು ಕುಟ್ಟಿದ ಪುಡಿಬೆಲ್ಲ, ಇನ್ನೊಬ್ಬರದು ಅರ್ಧ ಉಂಡೆ. ತಂದವರೆಲ್ಲ ನನ್ನನ್ನೊಮ್ಮೆ ನೋಡಿ, "ಸಾಕಾಯ್ತಾ?" ಎಂದು ಕೇಳಿ ಹಾಕಿದರು. ಮಂಜುಳಾ ತಂದದ್ದು ಒಂದು ಸಣ್ಣ ಬಟ್ಟಲು, ಮೇಲೆ ಒಂದೆರಡು ಇರುವೆ. ಅದು ಬಿದ್ದದ್ದೇ ದಂಡಿಗೆ ಕಿರ್ರೆಂದಿತು. ಕೆಳಗಿನ ನೆಲ ಸದ್ದಿಲ್ಲದೆ ಸರಿದುಹೋದಂತಾಯಿತು. ನನ್ನ ಹಲಗೆ ಮೇಲೆದ್ದು, ಆಚೆಯದು ಇಳಿದು, ಎರಡೂ ಸಮವಾಗಿ ತೂಗಾಡತೊಡಗಿದವು. ಘಂಟೆ ಹೊಡೆದರು. ಒಂಬತ್ತನೇ ಬಿ ಸೆಕ್ಷನ್ ಚಪ್ಪಾಳೆ ತಟ್ಟಿತು. ಕೊಕ್ಕೆ ತಡೆಯಿತು. ಪಾಠದ ಲೆಕ್ಕದಲ್ಲೂ ಅದು ತಡೆಯಬೇಕಾದದ್ದೇ. ಆದರೂ ಆ ಗಳಿಗೆಯಲ್ಲಿ ನಾನು ನಂಬಿದ್ದು ಆಂಜನೇಯನನ್ನು.

ಮಂಗಳಾರತಿಯಾದ ಮೇಲೆ ಆಚಾರ್ಯರು ನೈವೇದ್ಯದ ತಟ್ಟೆಯಿಂದ ಒಂದು ಅಚ್ಚು ಬೆಲ್ಲ ತಂದು ಅಮ್ಮನ ಎಡಗೈಯಲ್ಲಿಟ್ಟರು. "ತಗೊಳ್ಳಿ ಅಮ್ಮ. ತೀರ್ತು ನಿಮ್ಮ ಹರಕೆ. ಇನ್ಮೇಲೆ ಬೆಲ್ಲ ತಿನ್ಬಹುದು ನೀವು" ಅಂದರು. ಪದ್ಮಮ್ಮನವರು, "ಯಾಕೆ, ಇಷ್ಟು ದಿನ ತಿಂತಿರ್ಲಿಲ್ವಾ?" ಎಂದು ಕೇಳಿದರು. "ಗೊತ್ತಿಲ್ವೇ ನಿಮ್ಗೆ? ನನ್ನೆದುರಿಗೇ ದೇವರಿಗೆ ಹೇಳ್ಕೊಂಡಿದ್ರಲ್ಲ, ಮಗನ ತುಲಾಭಾರ ಆಗೋವರ್ಗೂ ಬೆಲ್ಲ ಬಾಯಿಗೆ ಹಾಕಲ್ಲ ಅಂತ. ಒಂದೆರಡು ತಿಂಗಳು ಅಂದ್ಕೊಂಡಿದ್ರು ಪಾಪ" ಅಂದರು ಆಚಾರ್ಯರು.

ನಾನು ಗಾಳಿಯಲ್ಲಿ ತೂಗಾಡುತ್ತಾ ಕೇಳಿಸಿಕೊಂಡೆ. ಸಾರು ಬೇರೆ ತೆಗೆದಿಡುತ್ತಿದ್ದದ್ದು ಮಡಿಗಲ್ಲ. ರುಚಿಮೊಗ್ಗುಗಳಿಗೆ ಏನೂ ಆಗಿರಲಿಲ್ಲ. ಇಷ್ಟೂ ಯುಗಾದಿಗಳಲ್ಲಿ ಅಮ್ಮ ನಮಗೆಲ್ಲ ಬೇವು ಬೆಲ್ಲ ಕೊಟ್ಟು, ಅಡುಗೆಮನೆಗೆ ಹೋಗಿ ಬರೀ ಬೇವು ತಿಂದಿದ್ದಳು. ಅವಳ ಪಾಲಿನ ಒಬ್ಬಟ್ಟು, ಅವಳ ಪಾಲಿನ ಪಾಯಸ, ಪಾನಕ ಎಲ್ಲ ಇಳಿದ ಜಾಗ ಈಗ ಶಲ್ಯದ ಎರಡೂ ಕಡೆಯಿಂದ ಊರಿಗೆಲ್ಲ ಕಾಣುತ್ತಿತ್ತು. ನಾನು ತೂಕ ಇಳಿಯಲೆಂದು ಹರಕೆ ಮುಂದೂಡಿದಷ್ಟೂ ಅವಳ ಪಾಲು ನನ್ನ ಎಲೆಗೆ ಬಿತ್ತು. ಬಿದ್ದಷ್ಟೂ ತೂಕ ಏರಿತು. ಏರಿದಷ್ಟೂ ಹರಕೆ ಮುಂದೆ ಹೋಯಿತು. ಜೀವಶಾಸ್ತ್ರದ ಮೇಷ್ಟ್ರ ಕಣ್ಣಿಗೆ ಇಷ್ಟು ಕಾಣಲಿಲ್ಲ. ಇಲಿಯ ಆಹಾರದ ಲೆಕ್ಕ ಗೊತ್ತಿತ್ತು, ಅಮ್ಮನದು ಗೊತ್ತಿರಲಿಲ್ಲ.

"ಹೇಳ್ಬಾರ್ದಿತ್ತೇನಮ್ಮ?" ಅಂದೆ.

"ಹೇಳಿದ್ರೆ ನಿನ್ ಬಾಯಿಗೆ ರುಚಿಸ್ತಿತ್ತೇನೋ?" ಅಂದಳು ಅಮ್ಮ.

ಅವಳು ಅಚ್ಚನ್ನು ಮೆಲ್ಲಗೆ ಕಚ್ಚಿದಳು. ಅರ್ಧ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಗುಡಿಯಲ್ಲಿದ್ದವರೆಲ್ಲ ಆ ಮುದುಕಿ ಬೆಲ್ಲ ಚೀಪುವುದನ್ನು ನೋಡುತ್ತಿದ್ದರು. ಆಮೇಲೆ ಅವಳು ಕಣ್ಣು ತೆರೆದು, ಯಾವ ಹಬ್ಬದಲ್ಲೂ ತಪ್ಪಿಸದ ಅಭ್ಯಾಸದಂತೆ, ಉಳಿದ ಅರ್ಧವನ್ನು ನನ್ನ ಮುಂದೆ ಹಿಡಿದಳು.

ಈ ಸಲ ಬೇಡವೆನ್ನಲೇಬೇಕು ಎಂದು ನಿಶ್ಚಯಿಸಿದೆ. ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ, ಇಷ್ಟು ಜನರೆದುರಿಗೆ, ನೀನೇ ತಿನ್ನಮ್ಮ ಎನ್ನಬೇಕು. ಹಾಗೆನ್ನಲು ಬಾಯಿ ತೆರೆದೆ. ತೆರೆದದ್ದೇ ತಪ್ಪಾಯಿತು, ಅಮ್ಮ ಬೆಲ್ಲ ಒಳಗಿಟ್ಟುಬಿಟ್ಟಳು. ನಾನು ಅದನ್ನು ಉಗುಳಲಿಲ್ಲ, ಚಪ್ಪರಿಸಿದೆ. ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ಹಲಗೆ ಇಳಿದು ಬಂದು ನೆಲಕ್ಕೆ ಕೂತಿತು.

"ಸಾರ್," ಅಂದಳು ಮಂಜುಳಾ, "ಮತ್ತೆ ಜಾಸ್ತಿ ಆಯ್ತು."